ಕೆಳಗೆ ರಸ, ಮೇಲೆ ಖಡಕ್: ಚಳಿಗಾಲದ ಹಣ್ಣಿನ ಕ್ರಿಸ್ಪ್

ಡಿಸೆಂಬರ್ ಕಾಲಿಟ್ಟರೆ ಬೀದರಿನ ಗಾಳಿಗೆ ಬೇರೆಯೇ ಹರಿತ ಬರುತ್ತದೆ. ಎರಡು ಸಾವಿರ ಅಡಿಗೂ ಎತ್ತರದ ಕೆಂಪು ಕಲ್ಲಿನ ದಿಬ್ಬದ ಮೇಲೆ ಕೂತ ಊರು. ಸುತ್ತಲಿನ ಬಯಲಿಂದ ಬೀಸುವ ಥಂಡಿಗೆ ಅಡ್ಡವೇ ಇಲ್ಲ. ಕೆಲವು ರಾತ್ರಿ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಎರಡು ವರ್ಷದ ಹಿಂದೆ ಅಂಥದೊಂದು ಸಂಜೆ, ಆಳಂದ ಕಡೆಯ ಕಾಕು ಕಳಿಸಿದ ಪೇರಲ ಹಣ್ಣಿನ ಬುಟ್ಟಿಯನ್ನು ಅಡುಗೆಮನೆಗೆ ಎಳೆದುಕೊಂಡು ನಾನು ಹೆಚ್ಚಲು ಕೂತಿದ್ದೆ. ಅವ್ವ ಶಾಲು ಹೊದ್ದು ಬಂದು ನಿಂತಳು.

"ಏನ್ ಮಾಡ್ಲತ್ತಿ?"

"ಕ್ರಿಸ್ಪ್ ಅಂತವ್ವಾ. ಹಣ್ಣ ಕೆಳಗ ಹಾಕಿ, ಮ್ಯಾಲ ಹಿಟ್ಟು ತುಪ್ಪದ ಉದುರು ಹಾಕಿ ಬೇಯಿಸೋದು."

"ಪೇರಲ ಹಣ್ಣ ಯಾರರ ಬೇಯಿಸ್ತಾರೇನು? ಉಪ್ಪುಖಾರ ಹಚ್ಚಿ ತಿನ್ನೋದು ಬಿಟ್ಟು. ನೀರ್ ಬಿಟ್ಟು ಎಲ್ಲಾ ಅಂಬಲಿ ಆಗ್ತದ ನೋಡು."

ಅವ್ವನ ಮಾತು ಖರೆಯಾಯಿತು. ಅವತ್ತಿನ ಕ್ರಿಸ್ಪ್ ಕೆಳಗೆ ಪಾನಕ, ಮೇಲೆ ಹಸಿ ಹಿಟ್ಟಿನ ಮುದ್ದೆಯಾಗಿ ಬಂತು. ಅಳತೆಯನ್ನೆಲ್ಲ ನಾನು ಸರಿಯಾಗಿಯೇ ಹಾಕಿದ್ದೆ. ತಪ್ಪಿದ್ದು ಬೇರೆ ಕಡೆ, ಮತ್ತು ಅದನ್ನು ಅವ್ವ ಓವನ್ ಮುಟ್ಟುವ ಮೊದಲೇ ಒಂದು ಶಬ್ದದಲ್ಲಿ ಹೇಳಿದ್ದಳು: ನೀರು. ಅಲ್ಲಿಂದ ಎರಡು ಚಳಿಗಾಲ ಪೇರಲ, ಸೇಬು, ಪಪ್ಪಾಯಿ, ಬಾಳೆಹಣ್ಣು ಎಲ್ಲದರಲ್ಲೂ ಇದನ್ನು ಮಾಡಿ ನೋಡಿದ್ದೇನೆ. ನನಗೆ ತಿಳಿದದ್ದು ಇಷ್ಟು. ಈ ಸಿಹಿಯಲ್ಲಿ ನೀರು ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಲ್ಲಬೇಕು ಎಂಬುದು ಗೊತ್ತಾದರೆ ಯಾವ ಹಣ್ಣಿಗೂ ಯಾವ ಒಲೆಗೂ ಇದನ್ನು ಹೊಂದಿಸಿಕೊಳ್ಳಬಹುದು. ಮತ್ತೆ, ಖಡಕ್ ರೊಟ್ಟಿ ಬಡಿದು ಡಬ್ಬಿ ತುಂಬಿಡುವ ಕಲಬುರಗಿ, ಬೀದರ, ಯಾದಗಿರಿಯ ಹೆಣ್ಣುಮಕ್ಕಳಿಗೆ ಇದರಲ್ಲಿ ಅರ್ಧ ವಿದ್ಯೆ ಆಗಲೇ ಕೈಯಲ್ಲಿದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಹೆಚ್ಚಿದ ಹಣ್ಣಿನ ಮೇಲೆ ಬೆಣ್ಣೆ, ಹಿಟ್ಟು, ಸಕ್ಕರೆ ತಿಕ್ಕಿದ ಉದುರು ಹರಡಿ ಬೇಯಿಸಿದರೆ ಅದು ಇಂಗ್ಲೆಂಡಿನವರಿಗೆ ಕ್ರಂಬಲ್. ಆ ಉದುರಿಗೆ ಓಟ್ಸ್, ಬೀಜಗಳು ಸೇರಿದರೆ ಅಮೆರಿಕದವರಿಗೆ ಕ್ರಿಸ್ಪ್. ಉದುರಿನ ಬದಲು ಮೆತ್ತನೆಯ ಹಿಟ್ಟಿನ ಮುದ್ದೆ ಇಟ್ಟರೆ ಕಾಬ್ಲರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆಗಳಿಗೆ ರೇಷನ್ ಬಂದಾಗ, ಅಡಿಗೂ ಮುಡಿಗೂ ಹಿಟ್ಟಿನ ಹಾಳೆ ಬೇಡುವ ಪೈ ಮಾಡುವುದು ದುಬಾರಿಯಾಗಿ ಕ್ರಂಬಲ್ ಮನೆಮನೆಯ ತಿನಿಸಾಯಿತು. ಕಡಿಮೆ ಜಿಡ್ಡು, ಕಡಿಮೆ ಹಿಟ್ಟು, ಲಟ್ಟಿಸುವ ಕೆಲಸವಿಲ್ಲ. ಬಡತನದಲ್ಲಿ ಬೆಳೆದ ತಿಂಡಿಗಳಿಗೆ ಇರುವ ಒಂದು ಗುಣ ಇದಕ್ಕೂ ಇದೆ: ಮನೆಯಲ್ಲಿ ಏನಿದೆಯೋ ಅದನ್ನು ಒಪ್ಪಿಕೊಳ್ಳುತ್ತದೆ.

ನಮ್ಮಲ್ಲಿ ಇದಕ್ಕೆ ಚಳಿಗಾಲವೇ ಸರಿಯಾದ ಹೊತ್ತು ಎನ್ನುವುದಕ್ಕೆ ಬಾಯಿರುಚಿಗಿಂತ ಗಟ್ಟಿಯಾದ ಕಾರಣಗಳಿವೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವಾಗ ಬೆಣ್ಣೆಯನ್ನು ಹಿಟ್ಟಿಗೆ ತಿಕ್ಕುವ ಮಾತೇ ಇಲ್ಲ. ಬೆರಳಿಗೆ ತಾಗುವ ಮೊದಲೇ ಅದು ಎಣ್ಣೆಯಾಗಿರುತ್ತದೆ. ಓವನ್ ಹಚ್ಚಿ ಮುಕ್ಕಾಲು ಗಂಟೆ ಅಡುಗೆಮನೆಯಲ್ಲಿ ನಿಲ್ಲುವುದೂ ಆಗದು. ಚಳಿಯಲ್ಲಿ ಬೆಣ್ಣೆ ಹೊರಗಿಟ್ಟರೂ ಗಟ್ಟಿಯಾಗಿರುತ್ತದೆ, ತುಪ್ಪ ಹರಳುಗಟ್ಟಿರುತ್ತದೆ, ಒಲೆಯ ಕಾವು ಮನೆಗೆ ಹಿತವಾಗುತ್ತದೆ. ಮೇಲಾಗಿ ಗಾಳಿ ಒಣಗಿರುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಒಂದು ದಿನ ಸಡಿಲವಿದ್ದರೂ ಖಡಕ್ ರೊಟ್ಟಿ ಮೆತ್ತಗಾಗುವುದನ್ನು, ಚಳಿಗಾಲದಲ್ಲಿ ಅದೇ ರೊಟ್ಟಿ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿಟ್ಟರೂ ಕಟಕ್ ಎನ್ನುವುದನ್ನು ಎಲ್ಲರೂ ನೋಡಿದ್ದೇವೆ. ಗರಿಗರಿ ಎನ್ನುವುದು ಬರೀ ರುಚಿಯಲ್ಲ, ನೀರಿನ ಗೈರುಹಾಜರಿ. ಹಿಟ್ಟು ಮತ್ತು ಸಕ್ಕರೆ ಪೂರ್ತಿ ಒಣಗಿದಾಗ ಗಾಜಿನಂತೆ ಗಡುಸಾಗಿ, ಹಲ್ಲಿಗೆ ಸಿಕ್ಕರೆ ಸಿಡಿಯುತ್ತವೆ. ಸ್ವಲ್ಪ ತೇವ ಒಳಹೊಕ್ಕರೆ ಅದೇ ಗಾಜು ರಬ್ಬರಿನಂತೆ ಬಾಗತೊಡಗುತ್ತದೆ.

ಇದೇ ಈ ತಿನಿಸಿನ ಕಷ್ಟ. ಒಂದೇ ಪಾತ್ರೆಯಲ್ಲಿ ಕೆಳಗಿನದು ರಸಭರಿತವಾಗಿರಬೇಕು, ಅದಕ್ಕೆ ಅಂಟಿಕೊಂಡೇ ಕೂತ ಮೇಲಿನದು ಒಣಗಿರಬೇಕು. ರೊಟ್ಟಿಯನ್ನು ಹೊತ್ತಾರೆ ಸಾರಿನೊಳಗೆ ಇಟ್ಟು ರಾತ್ರಿ ಖಡಕ್ ಬೇಕು ಎಂದ ಹಾಗೆ. ಆದರೂ ಇದು ಸಾಧ್ಯ, ಏಕೆಂದರೆ ಓವನ್ ಒಳಗೆ ಆ ಎರಡು ಪದರಗಳ ಬಿಸಿ ಒಂದೇ ಅಲ್ಲ. ನೀರಿರುವ ಜಾಗ ಕುದಿಯುವ ಬಿಂದುವನ್ನು ದಾಟುವುದಿಲ್ಲ. ಬೀದರಿನ ಎತ್ತರದಲ್ಲಿ ಅದು ಸುಮಾರು 98 ಡಿಗ್ರಿ. ಓವನ್ 180ಕ್ಕೆ ಇಟ್ಟರೂ ಹಣ್ಣು ಅಲ್ಲಿಯೇ ನಿಂತು ಬೇಯುತ್ತದೆ. ಮೇಲಿನ ಉದುರಿನಲ್ಲಿ ನೀರು ಕಡಿಮೆ. ಇದ್ದಷ್ಟು ಹಾರಿಹೋದ ಮೇಲೆ ಅದರ ಬಿಸಿ 140, 150 ಎಂದು ಏರುತ್ತದೆ. ಸುಮಾರು 140ರ ಮೇಲೆ ಹಿಟ್ಟಿನ ಪ್ರೋಟೀನು ಮತ್ತು ಸಕ್ಕರೆ ಕೂಡಿ ಕಂದು ಬಣ್ಣ, ಹುರಿದ ಪರಿಮಳ ಜೋರಾಗಿ ಬರತೊಡಗುತ್ತವೆ. ರೊಟ್ಟಿಯ ಮೇಲೆ ಹಂಚಿನ ಚುಕ್ಕೆ ಬೀಳುವುದೂ ಇದರಿಂದಲೇ. ಕೆಳಗೆ ಬೇಯುವುದು, ಮೇಲೆ ಸುಡುವುದು. ಒಂದೇ ಬೆಂಕಿ, ಎರಡು ಅಡುಗೆ.

ಈಗ ಹಣ್ಣಿಗೆ ಬರೋಣ. ಸೇಬಿನಲ್ಲಿ ತೂಕದ 85ರಷ್ಟು ಭಾಗ ನೀರೇ. ಪೇರಲದಲ್ಲಿ 80ರ ಸುತ್ತ, ಪಪ್ಪಾಯಿಯಲ್ಲಿ 88, ಬಾಳೆಹಣ್ಣಿನಲ್ಲಿ 75. ಒಂದು ಕಿಲೋ ಪಪ್ಪಾಯಿ ಹಾಕಿದೆವು ಎಂದರೆ ಹತ್ತಿರಹತ್ತಿರ ಒಂಬೈನೂರು ಗ್ರಾಂ ನೀರು ಹಾಕಿದಂತೆ. ಹಸಿ ಹಣ್ಣಿನಲ್ಲಿ ಈ ನೀರು ಸಣ್ಣ ಸಣ್ಣ ಕೋಶಗಳೊಳಗೆ ಬಿಗಿಯಾಗಿ ಕೂತಿರುತ್ತದೆ. ಅದಕ್ಕೇ ಹಣ್ಣು ಕಚ್ಚಿದರೆ ಗಟ್ಟಿ. 60 ಡಿಗ್ರಿ ದಾಟುತ್ತಿದ್ದಂತೆ ಆ ಕೋಶಗಳ ತೆಳು ಪೊರೆ ಹರಿದು ನೀರು ಹೊರಬರುತ್ತದೆ. ಇನ್ನೂ ಕಾದರೆ ಕೋಶಕ್ಕೆ ಕೋಶವನ್ನು ಅಂಟಿಸಿ ಹಿಡಿದ ಪೆಕ್ಟಿನ್ ಎಂಬ ಅಂಟು ಕರಗುತ್ತದೆ. ಆಗ ಹೋಳು ಮೆತ್ತಗಾಗುತ್ತದೆ, ಕೊನೆಗೆ ಕರಗಿ ಗೊಜ್ಜಾಗುತ್ತದೆ. ಹುಳಿ ಇದ್ದರೆ ಆ ಅಂಟು ಬೇಗ ಬಿಡುವುದಿಲ್ಲ. ಹುಳಿಸೇಬು ಬೆಂದರೂ ಹೋಳಾಗಿ ಉಳಿದು, ನಮ್ಮ ಮಾರ್ಕೆಟ್ಟಿನ ಕೆಂಪು ಸಿಹಿಸೇಬು ಬೇಗ ಹಿಟ್ಟುಹಿಟ್ಟಾಗುವುದಕ್ಕೆ ತಳಿಯ ಜೊತೆಗೆ ಇದೂ ಒಂದು ಕಾರಣ. ಕಾಶ್ಮೀರ, ಹಿಮಾಚಲದಿಂದ ಬರುವ ಆ ಕೆಂಪುಸೇಬನ್ನೇ ಹಾಕುವುದಾದರೆ ಗಟ್ಟಿ ಇರುವುದನ್ನು ಆರಿಸಿ, ಹೋಳು ದಪ್ಪ ಮಾಡಿ, ಒಂದು ನಿಂಬೆಹಣ್ಣಿನ ರಸ ಹಿಂಡಬೇಕು. ನಿಂಬೆಯಿಂದ ಹೆಚ್ಚಿದ ಹೋಳು ಕಪ್ಪಾಗುವುದೂ ನಿಧಾನವಾಗುತ್ತದೆ, ಸಪ್ಪೆ ಸಿಹಿಗೊಂದು ಅಂಚೂ ಬರುತ್ತದೆ.

ನನ್ನ ಮಟ್ಟಿಗೆ ಈ ಸೀಮೆಗೆ ಒಪ್ಪುವ ಹಣ್ಣು ಪೇರಲ. ಬೀದರಿನಲ್ಲಿ ದಖನಿ ಮಾತಾಡುವ ನೆರೆಮನೆಯ ಖಾಲಾ ಅದಕ್ಕೆ ಜಾಮ್ ಅನ್ನುತ್ತಾರೆ. ಚಳಿಗೆ ಸಿಹಿ ತುಂಬಿಕೊಂಡು ಬರುವ ಹಣ್ಣು, ಅಗ್ಗವೂ ಹೌದು. ಎಲ್ಲಕ್ಕಿಂತ ಮುಖ್ಯ, ಅದರಲ್ಲಿ ಪೆಕ್ಟಿನ್ ಬಹಳ. ಪೇರಲದ ಜೆಲ್ಲಿ ತಾನಾಗಿಯೇ ಗಟ್ಟಿಯಾಗುವುದು ಈ ಕಾರಣಕ್ಕೆ. ಬೇಯುವಾಗ ಹೊರಬಂದ ಪೆಕ್ಟಿನ್, ಜೊತೆಗೆ ಸಕ್ಕರೆ ಮತ್ತು ನಿಂಬೆಯ ಹುಳಿ ಇದ್ದರೆ, ತಣಿಯುವಾಗ ರಸವನ್ನು ತಾನೇ ಕಟ್ಟಿ ಹಿಡಿಯುತ್ತದೆ. ಆದರೆ ಬೀಜ ತೆಗೆಯಲೇಬೇಕು. ಹಣ್ಣನ್ನು ನಾಲ್ಕು ಭಾಗ ಮಾಡಿ, ನಡುವಿನ ಬೀಜದ ಭಾಗವನ್ನು ಚಮಚದಿಂದ ತೋಡಿ, ಜಾಳಿಗೆಯಲ್ಲಿ ಉಜ್ಜಿದರೆ ಬೀಜ ಮೇಲೆ ಉಳಿದು ತಿರುಳು ಕೆಳಗಿಳಿಯುತ್ತದೆ. ಆ ತಿರುಳನ್ನು ಚೆಲ್ಲಬೇಡಿ. ಹೋಳುಗಳ ಜೊತೆ ಕಲೆಸಿದರೆ ಅದೇ ಅರ್ಧ ಗಟ್ಟಿ ರಸ. ಮೊದಲ ಸಲ ನಾನು ಅದನ್ನು ಚೆಲ್ಲಿ, ಬದಲಿಗೆ ನೀರು ಚಿಮುಕಿಸಿದ್ದೆ. ತೀರ ಹಣ್ಣಾದ, ಒತ್ತಿದರೆ ತಗ್ಗು ಬೀಳುವ ಪೇರಲ ಬೇಡ. ಹಸಿರು ಹೋಗಿ ತಿಳಿಹಳದಿ ಬಂದು, ಹಿಡಿದರೆ ಇನ್ನೂ ಗಟ್ಟಿ ಇರುವುದು ಸರಿ.

ಪಪ್ಪಾಯಿಗೆ ಹುಳಿಯೂ ಇಲ್ಲ, ಬಿಗಿಯೂ ಇಲ್ಲ. ಅದನ್ನೇ ಮಾಡಬೇಕೆಂದರೆ ಹೋಳುಗಳಿಗೆ ಸಕ್ಕರೆ ಬೆರೆಸಿ ಅರ್ಧ ಗಂಟೆ ಬಿಡಿ. ಉಪ್ಪು ಹಚ್ಚಿದ ಮಾವಿನಕಾಯಿ ನೀರು ಬಿಡುವ ಹಾಗೆ ಅದೂ ಬಿಡುತ್ತದೆ. ಆ ನೀರನ್ನು ಬಸಿದು, ಬೇರೆ ಪಾತ್ರೆಯಲ್ಲಿ ಮೂರರಲ್ಲೊಂದು ಪಾಲಿಗೆ ಇಳಿಯುವ ತನಕ ಕುದಿಸಿ, ಮತ್ತೆ ಹಣ್ಣಿಗೇ ಹಾಕಬೇಕು. ರುಚಿ ಹೋಗದು, ನೀರಷ್ಟೇ ಹೋಗುತ್ತದೆ. ಖಾಲಾ ಹೇಳಿಕೊಟ್ಟ ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿದೆ: ರಾತ್ರಿ ನೆನೆಸಿದ ಖುಬಾನಿ, ಅಂದರೆ ಒಣಗಿಸಿದ ಜರ್ದಾಳು, ಹತ್ತು ಹದಿನೈದನ್ನು ಬೀಜ ತೆಗೆದು ಪಪ್ಪಾಯಿಯೊಳಗೆ ಬೆರೆಸುವುದು. ನಮ್ಮ ಕಡೆ ಮದುವೆ ಊಟದ ಖುಬಾನಿ ಕಾ ಮೀಠಾ ಉಂಡವರಿಗೆ ಅದರ ಹುಳಿಸಿಹಿ ಗೊತ್ತು. ಪಪ್ಪಾಯಿಯಲ್ಲಿ ಇಲ್ಲದ ಹುಳಿ ಖುಬಾನಿಯಿಂದ ಬರುತ್ತದೆ, ಖುಬಾನಿ ಪಪ್ಪಾಯಿಯ ರಸವನ್ನೂ ಹೀರಿಕೊಳ್ಳುತ್ತದೆ.

ಸೀತಾಫಲವನ್ನು ಮಾತ್ರ ಒಲೆಗೆ ಇಡಬೇಡಿ. ಬೀದರ ಕಡೆಯವರು ಸೀತಾಫಲದ ಮೇಲಿನ ಪ್ರೀತಿಯಿಂದ ಎಲ್ಲದರಲ್ಲೂ ಹಾಕಿ ನೋಡುವವರು, ನಾನೂ ನೋಡಿದೆ. ಅದರ ತಿರುಳು ಬಿಸಿಗೆ ಕಹಿಯಾಗುತ್ತದೆ, ಬಣ್ಣವೂ ಗುಲಾಬಿಗೆ ತಿರುಗುತ್ತದೆ. ಹಣ್ಣು ಸಿಕ್ಕರೆ ತಿರುಳನ್ನು ತಣ್ಣಗಿನ ಕೆನೆಯೊಂದಿಗೆ ಕಲೆಸಿ, ಬಿಸಿ ಕ್ರಿಸ್ಪಿನ ಮಗ್ಗುಲಿಗೆ ಇಟ್ಟುಕೊಂಡು ತಿನ್ನಬಹುದು. ಬಾರೆಹಣ್ಣಿನಲ್ಲಿ ಬೀಜ ಬಿಡಿಸುವ ಶ್ರಮಕ್ಕೆ ತಕ್ಕಷ್ಟು ತಿರುಳು ಸಿಗದು. ಬಾಳೆಹಣ್ಣು ಸುಲಭ, ಆದರೆ ಅದೊಂದೇ ಆದರೆ ಹೊಟ್ಟೆಗೆ ಭಾರ.

ಹಣ್ಣು ಬಿಟ್ಟ ರಸವನ್ನು ಕಟ್ಟಿಹಾಕುವುದು ಪಿಷ್ಟದ ಕೆಲಸ. ಕಿಲೋ ಹಣ್ಣಿಗೆ ಒಂದೂವರೆ ದೊಡ್ಡ ಚಮಚ ಕಾರ್ನ್‌ಫ್ಲೋರ್ ಸಾಕು. ಪೇರಲಕ್ಕೆ ಒಂದೇ ಚಮಚ. ಅದನ್ನು ಸಕ್ಕರೆಯ ಜೊತೆ ಒಣದಾಗಿಯೇ ಬೆರೆಸಿ ಆಮೇಲೆ ಹಣ್ಣಿಗೆ ಹಾಕಿದರೆ ಗಂಟು ಕಟ್ಟುವುದಿಲ್ಲ. ಪಿಷ್ಟದ ಕಾಳುಗಳು 60 ಡಿಗ್ರಿ ದಾಟಿದ ಮೇಲೆ ನೀರು ಕುಡಿದು ಊದತೊಡಗುತ್ತವೆ, ಆದರೆ ಪೂರ್ತಿ ಗಟ್ಟಿಯಾಗುವುದು ಕುದಿ ಬಂದಾಗಲೇ. ಅಂಬಲಿ ಕಾಸುವವರಿಗೆ ಇದು ಗೊತ್ತಿರುವ ಮಾತು: ಬಿಸಿಯಾಗಿದೆ ಎಂದು ಇಳಿಸಿದರೆ ಹಿಟ್ಟು ಹಸಿ ನಾರುತ್ತದೆ, ಕೊತಕೊತ ಅಂದಮೇಲಷ್ಟೇ ಹದ. ಹಾಗಾಗಿ ಕ್ರಿಸ್ಪ್ ಆಗಿದೆಯೋ ಇಲ್ಲವೋ ಎಂದು ತಿಳಿಯಲು ಮೇಲಿನ ಬಣ್ಣ ನೋಡಿದರೆ ಸಾಲದು. ಪಾತ್ರೆಯ ಅಂಚಿನಲ್ಲಿ ರಸ ದಪ್ಪ ದಪ್ಪ ಗುಳ್ಳೆಯಾಗಿ, ನಿಧಾನವಾಗಿ ಕುದಿಯುತ್ತಿರಬೇಕು. ಗುಳ್ಳೆ ತೆಳುವಾಗಿ ಚುರುಚುರು ಎನ್ನುತ್ತಿದ್ದರೆ ಇನ್ನೂ ನೀರಿದೆ ಎಂದು ಅರ್ಥ. ಮೇಲಿನದು ಆಗಲೇ ಕೆಂಪಾಗಿದ್ದರೆ ಅದರ ಮೇಲೆ ಒಂದು ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಇಟ್ಟು ಮುಂದುವರಿಸಿ. ಬಿಗಿಯಾಗಿ ಮುಚ್ಚಬಾರದು; ಉಗಿ ಹೊರಗೆ ಹೋಗಲು ದಾರಿ ಬೇಕು.

ಇನ್ನು ಮೇಲಿನ ಉದುರು. ನನಗೆ ಇದರ ಬಗ್ಗೆ ಎಷ್ಟು ಹೇಳಿದರೂ ತೃಪ್ತಿಯಿಲ್ಲ, ಏಕೆಂದರೆ ನಮ್ಮ ಅಡುಗೆಮನೆಯ ತಿಳಿವಳಿಕೆ ನೇರವಾಗಿ ಕೆಲಸಕ್ಕೆ ಬರುವುದು ಇಲ್ಲಿಯೇ. ಗೋಧಿಹಿಟ್ಟಿಗೆ ನೀರು ಹಾಕಿ ನಾದಿದರೆ ಜಿಗುಟು ಬರುತ್ತದೆ, ಅದು ಗ್ಲುಟೆನ್. ಚಪಾತಿಗೆ ಅದು ಬೇಕು, ಇಲ್ಲಿ ಬೇಡ. ಹಿಟ್ಟಿಗೆ ಮೊದಲೇ ಜಿಡ್ಡು ತಿಕ್ಕಿದರೆ ಕಣಕಣಕ್ಕೂ ತುಪ್ಪದ ಅಂಗಿ ತೊಡಿಸಿದಂತೆ. ನೀರು ಒಳಗೆ ಹೋಗದು, ಜಿಗುಟು ಹುಟ್ಟದು, ಬೆಂದ ಮೇಲೆ ಬಾಯಲ್ಲಿ ಪುಡಿಯಾಗುತ್ತದೆ. ದೀಪಾವಳಿಗೆ ಮೊದಲು ಹಿಟ್ಟು, ತುಪ್ಪ, ಸಕ್ಕರೆ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ ಬೇಕರಿಯ ಭಟ್ಟಿಯಲ್ಲಿ ನಾನಖಟಾಯಿ ಮಾಡಿಸಿಕೊಂಡು ಬಂದವರೆಲ್ಲ ಈ ಹಿಟ್ಟನ್ನು ಕೈಯಲ್ಲಿ ಹಿಡಿದವರೇ. ಕ್ರಿಸ್ಪಿನ ಮೇಲ್ಪದರ ಎಂದರೆ ಉಂಡೆ ಕಟ್ಟದೆ ಬಿಟ್ಟ ನಾನಖಟಾಯಿ. ಗೋಧಿ, ಬೆಲ್ಲದ ಮಾದಲಿಯನ್ನು ಕೈಯಲ್ಲಿ ತಿಕ್ಕಿ ಉದುರು ಮಾಡುವ ಹದವೂ ಇದಕ್ಕೆ ಹತ್ತಿರದ್ದೇ.

ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಅದಕ್ಕೇ ರೊಟ್ಟಿಗೆ ಎಸರು ಇಟ್ಟು, ಬಿಸಿನೀರು ಹಾಕಿ ನಾದುತ್ತೇವೆ. ಜಿಗುಟಿನ ಕೆಲಸವನ್ನು ಅರೆಬೆಂದ ಪಿಷ್ಟದಿಂದ ಮಾಡಿಸಿಕೊಳ್ಳುತ್ತೇವೆ. ತಣ್ಣಗಿನ ತುಪ್ಪದ ಜೊತೆ ಸೇರಿದ ಜೋಳದ ಹಿಟ್ಟು ಎಷ್ಟು ತಿಕ್ಕಿದರೂ ಗಟ್ಟಿ ಹಿಡಿದುಕೊಳ್ಳುವುದಿಲ್ಲ. ರೊಟ್ಟಿಗೆ ಅದು ದೋಷ, ಕ್ರಿಸ್ಪಿಗೆ ಅದೇ ಗುಣ. ಮೈದಾದಲ್ಲಿ ಕೈ ಹೆಚ್ಚು ಆಡಿದರೆ ಉದುರು ಬಿರುಸಾಗುವ ಭಯವಿದೆ. ಜೋಳದಲ್ಲಿ ಆ ಭಯವಿಲ್ಲ. ಆದರೆ ಜೋಳ ಒಂದೇ ಹಾಕಿದರೆ ಮರಳು ಮರಳು ಅನ್ನಿಸುತ್ತದೆ, ಕಟ್ಟಿಕೊಳ್ಳಬೇಕಾದ ಸಣ್ಣ ಗಂಟುಗಳೂ ಆಗುವುದಿಲ್ಲ. ಹಲವು ಸಲ ಮಾಡಿ ನಾನು ನಿಂತಿರುವ ಅಳತೆ, ಗೋಧಿಹಿಟ್ಟು 80 ಗ್ರಾಂಗೆ ಜೋಳದ ಹಿಟ್ಟು 60. ಬಿಳಿಜೋಳ, ಅದೂ ಆ ವಾರ ಗಿರಣಿಯಲ್ಲಿ ಬೀಸಿಸಿದ್ದು. ಹಳೆಯ ಹಿಟ್ಟಿನ ಕಹಿ ರೊಟ್ಟಿಯಲ್ಲಿ ಪಲ್ಯದ ಖಾರಕ್ಕೆ ಮುಚ್ಚಿಹೋಗುತ್ತದೆ, ಸಿಹಿಯಲ್ಲಿ ಎದ್ದು ಕಾಣುತ್ತದೆ.

ಓಟ್ಸ್ ಎಂದರೆ ಉಗಿಯಲ್ಲಿ ಬೇಯಿಸಿ ರೋಲರಿನಡಿ ಚಪ್ಪಟೆ ಮಾಡಿದ ಕಾಳು. ಅವಲಕ್ಕಿಯೂ ನೆನೆಸಿ, ಹುರಿದು, ಬಡಿದು ಚಪ್ಪಟೆ ಮಾಡಿದ್ದೇ. ಓಟ್ಸಿನ ಜಾಗದಲ್ಲಿ 50 ಗ್ರಾಂ ಮಧ್ಯಮ ಅವಲಕ್ಕಿಯನ್ನು ಹಂಚಿನ ಮೇಲೆ ಗರಿಯಾಗುವಂತೆ ಬೆಚ್ಚಗೆ ಮಾಡಿ, ಅಂಗೈಯಲ್ಲಿ ಸ್ವಲ್ಪ ಮುರಿದು ಹಾಕಿದರೆ ಕುರುಕಲು ಚೆನ್ನಾಗಿ ಬರುತ್ತದೆ. ದಪ್ಪ ಅವಲಕ್ಕಿ ಹಲ್ಲಿಗೆ ಕಲ್ಲು, ಪೇಪರ್ ಅವಲಕ್ಕಿ ಉಗಿಗೆ ಕುಸಿಯುತ್ತದೆ. ಜೋಳದ ಅಳ್ಳು ಹಾಕಿಯೂ ನೋಡಿದೆ, ಹತ್ತು ನಿಮಿಷಕ್ಕೆ ಮೆತ್ತಗಾಯಿತು. ಅದನ್ನು ಬಡಿಸುವಾಗ ಉದುರಿಸುವುದು ಒಳ್ಳೆಯದು. ಹುರಿದು ಸಿಪ್ಪೆ ತೆಗೆದ ಶೇಂಗಾ 50 ಗ್ರಾಂ, ಪುಡಿ ಮಾಡದೆ ಒಂದಕ್ಕೆ ನಾಲ್ಕಾಗುವಂತೆ ಒಡೆದದ್ದು. ಬಿಳಿ ಎಳ್ಳು ಎರಡು ಚಮಚ. ಶೇಂಗಾ, ಎಳ್ಳು ಎರಡರಲ್ಲೂ ಎಣ್ಣೆ ಇರುವುದರಿಂದ ಉಗಿ ತಾಗಿದರೂ ಬೇಗ ಮೆತ್ತಗಾಗುವುದಿಲ್ಲ.

ಬೆಣ್ಣೆಯೋ ತುಪ್ಪವೋ? ಅಂಗಡಿಯ ಬೆಣ್ಣೆಯಲ್ಲಿ ನೂರಕ್ಕೆ 80ಕ್ಕಿಂತ ತುಸು ಹೆಚ್ಚು ಕೊಬ್ಬು, 16ರಷ್ಟು ನೀರು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದು ನೀರು ಇನ್ನೂ ಜಾಸ್ತಿ. ತುಪ್ಪದಲ್ಲಿ ನೀರೇ ಇಲ್ಲ. ಬೆಣ್ಣೆಯ ಆ ಸ್ವಲ್ಪ ನೀರು ಸಕ್ಕರೆಯನ್ನು ಕರಗಿಸಿ, ಆಮೇಲೆ ಆವಿಯಾಗಿ ಹೋಗುವಾಗ ಉದುರಿನಲ್ಲಿ ಸಣ್ಣ ಗಂಟುಗಳನ್ನು ಕಟ್ಟುತ್ತದೆ. ಹಾಲಿನ ಅಂಶದಿಂದ ಬಣ್ಣ, ಪರಿಮಳವೂ ಬರುತ್ತದೆ. ತುಪ್ಪದ ಉದುರು ನಯವಾಗಿ ಪುಡಿಯಾಗುತ್ತದೆ, ಬೇಗ ಒಣಗುತ್ತದೆ, ಮರುದಿನವೂ ಗರಿ ಉಳಿಸಿಕೊಳ್ಳುತ್ತದೆ. ರಸ ಹೆಚ್ಚಿರುವ ಹಣ್ಣಿಗೆ ನಾನು ತುಪ್ಪವನ್ನೇ ಆರಿಸುತ್ತೇನೆ. ಬೆಣ್ಣೆ 110 ಗ್ರಾಂ ಬೇಕಾದಲ್ಲಿ ತುಪ್ಪ 90 ಸಾಕು, ಏಕೆಂದರೆ ನೀರಿನ ತೂಕ ಇದರಲ್ಲಿ ಇಲ್ಲ. ಕರಗಿಸಿದ ತುಪ್ಪ ಬೇಡ. ಚಳಿಗೆ ಹೆಪ್ಪುಗಟ್ಟಿದ್ದನ್ನು ಚಮಚದಿಂದ ಕೆರೆದು, ಬೆರಳ ತುದಿಯಿಂದ ತಿಕ್ಕಬೇಕು. ಅಂಗೈ ಬಿಸಿ, ಬೆರಳ ತುದಿ ತಂಪು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಮತ್ತೆ ಉದುರಬೇಕು. ಅಷ್ಟಾದರೆ ನಿಲ್ಲಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.

ಬೆಲ್ಲದ ವಿಷಯದಲ್ಲಿ ನನಗೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಯಿತು. ಕಬ್ಬು ಬೆಳೆಯುವ ಜಿಲ್ಲೆಯವಳು ನಾನು. ಚಳಿಗಾಲ ಎಂದರೆ ಗಾಣದ ಹೊಸ ಬೆಲ್ಲ. ಮೊದಲಿಗೆ ಉದುರಿಗೆಲ್ಲ ಬೆಲ್ಲವನ್ನೇ ಹಾಕಿದೆ. ಬೇಗ ಕಪ್ಪಾಯಿತು, ಓವನ್‌ನಿಂದ ತೆಗೆದ ಅರ್ಧ ಗಂಟೆಗೆ ತಟ್ಟೆಗೆ ಅಂಟಿತು. ಬೆಲ್ಲದಲ್ಲಿ ಸಕ್ಕರೆಯ ಜೊತೆ ಗ್ಲೂಕೋಸ್, ಫ್ರಕ್ಟೋಸ್ ಕೂಡ ಇರುತ್ತವೆ. ಇವು ಕಡಿಮೆ ಬಿಸಿಗೇ ಕಂದಾಗುತ್ತವೆ, ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಬೆಲ್ಲದ ಪೆಂಟಿ ಬೆವರುವುದು, ಸಕ್ಕರೆ ಅಷ್ಟು ಬೆವರದೆ ಇರುವುದು ಇದಕ್ಕೇ. ಹಾಗಾಗಿ ಈಗ ಬೆಲ್ಲ ಕೆಳಗೆ, ಸಕ್ಕರೆ ಮೇಲೆ. ಹಣ್ಣಿಗೆ 70 ಗ್ರಾಂ ಪುಡಿಬೆಲ್ಲ ಹಾಕಿದರೆ ರಸ ಕೆಂಪಾಗಿ, ಗಾಢವಾಗಿ ಬರುತ್ತದೆ. ಅಲ್ಲಿ ತೇವ ಹಿಡಿದಿಡುವ ಗುಣವೇ ಬೇಕಾದದ್ದು. ಮೇಲೆ 80 ಗ್ರಾಂ ಸಕ್ಕರೆ, ವಾಸನೆಗೆಂದು 20 ಗ್ರಾಂ ಬೆಲ್ಲ. ಎರಡಕ್ಕೂ ಒಂದೊಂದು ಚಿಟಿಕೆ ಉಪ್ಪು ಹಾಕಲು ಮರೆಯಬೇಡಿ. ಹಣ್ಣಿಗೆ ಶುಂಠಿ ಪುಡಿ ಮತ್ತು ಏಲಕ್ಕಿ. ಪೇರಲಕ್ಕಾದರೆ ನಾಲ್ಕು ಕಾಳು ಮೆಣಸು ಕುಟ್ಟಿ ಹಾಕುತ್ತೇನೆ. ಅವ್ವನ ಉಪ್ಪುಖಾರದ ಮಾತಿಗೆ ಅಷ್ಟಾದರೂ ಮರ್ಯಾದೆ.

ಜೋಡಿಸುವುದು ಎರಡು ನಿಮಿಷದ ಕೆಲಸ. ಎಂಟು ಅಂಗುಲದ ಗಾಜಿನ ಅಥವಾ ಪಿಂಗಾಣಿ ಪಾತ್ರೆ ಒಳ್ಳೆಯದು. ನಿಂಬೆಹುಳಿ ಬೆರೆತ ಹಣ್ಣನ್ನು ಬರಿಯ ಅಲ್ಯೂಮಿನಿಯಂನಲ್ಲಿ ಇಟ್ಟರೆ ಲೋಹದ ರುಚಿ ಬರುತ್ತದೆ. ಕೆಳಗೆ ಒಂದು ಕಿಲೋ ಹಣ್ಣು, ಮೇಲೆ ಉದುರು. ಒತ್ತಬೇಡಿ. ನನ್ನ ಮೊದಲ ಕ್ರಿಸ್ಪ್ ಮುದ್ದೆಯಾದದ್ದಕ್ಕೆ ದೊಡ್ಡ ಕಾರಣ ಇದೇ, ಹೋಳಿಗೆಯ ಹೂರಣ ತಟ್ಟಿದ ಹಾಗೆ ಅಂಗೈಯಿಂದ ಒತ್ತಿ ಸಮ ಮಾಡಿದ್ದೆ. ಹಣ್ಣಿನಿಂದ ಏಳುವ ಉಗಿ ಉದುರಿನ ಸಂದಿಯಲ್ಲಿ ನುಸುಳಿ ಹೊರಗೆ ಹೋಗಬೇಕು. ಸಂದಿ ಮುಚ್ಚಿದರೆ ಆ ಉಗಿ ಅಲ್ಲಿಯೇ ನೀರಾಗಿ ಇಳಿಯುತ್ತದೆ. ಬಿಸಿ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಏನಾಗುತ್ತದೋ ಅದೇ.

ಓವನ್ ಮೊದಲೇ 180 ಡಿಗ್ರಿಗೆ ಕಾಯಿಸಿ, ಮೇಲಿನ ಕೆಳಗಿನ ಎರಡೂ ಸುರುಳಿ ಹಚ್ಚಿ, ನಡುವಿನ ಜಾಳಿಗೆಯಲ್ಲಿ 45 ನಿಮಿಷ. ಮೈಕ್ರೋವೇವ್ ಆದರೆ ಕನ್ವೆಕ್ಷನ್ ಇರಲೇಬೇಕು. ಬರೀ ಮೈಕ್ರೋವೇವ್ ಕಾಯಿಸುವುದು ಮುಖ್ಯವಾಗಿ ನೀರನ್ನು. ಹಣ್ಣು ಕುದಿಯುತ್ತದೆ, ಸುತ್ತಲಿನ ಗಾಳಿ ತಣ್ಣಗೇ ಇರುವುದರಿಂದ ಮೇಲಿನದು ಒಣಗುವುದೂ ಇಲ್ಲ, ಕೆಂಪಾಗುವುದೂ ಇಲ್ಲ. ನಡುವೆ ಕರೆಂಟು ಹೋದರೆ ಬಾಗಿಲು ತೆರೆಯದೆ ಕಾಯಿರಿ; ಒಳಗಿನ ಕಾವು ಹತ್ತು ಹದಿನೈದು ನಿಮಿಷ ಹಣ್ಣನ್ನು ಬೇಯಿಸುತ್ತಲೇ ಇರುತ್ತದೆ.

ಓವನ್ ಇಲ್ಲದ ಮನೆಗಳೇ ಹೆಚ್ಚು. ಕುಕ್ಕರಿನಲ್ಲಿ ಉಪ್ಪು ಹರವಿ, ರಬ್ಬರು ಮತ್ತು ಸೀಟಿ ತೆಗೆದು ಕೇಕ್ ಮಾಡುವ ರೂಢಿ ಇದೆ. ಕೇಕಿಗೆ ಅದು ನಡೆಯುತ್ತದೆ, ಕ್ರಿಸ್ಪಿಗೆ ನಡೆಯದು. ಬಿಸಿ ಕೆಳಗಿನಿಂದ ಮಾತ್ರ ಬರುತ್ತದೆ, ಉಗಿ ಮುಚ್ಚಳಕ್ಕೆ ತಾಗಿ ಹನಿಯಾಗಿ ಉದುರಿನ ಮೇಲೆಯೇ ಬೀಳುತ್ತದೆ. ಮುಚ್ಚಳದ ಮೇಲೆ ಕೆಂಡ ಹರಡಿದರೆ ಬೇರೆ ಮಾತು. ದಮ್ ಕಟ್ಟುವ ನಮ್ಮ ದಖನಿ ಅಡುಗೆಯವರು ಮಾಡುವುದು ಅದನ್ನೇ: ಮೇಲೊಂದು ಬೆಂಕಿ, ಕೆಳಗೊಂದು ಬೆಂಕಿ. ದಮ್ಮಿನಲ್ಲಿ ಉಗಿಯನ್ನು ಒಳಗೇ ಹಿಡಿಯಲು ಅಂಚಿಗೆ ಹಿಟ್ಟು ಮೆತ್ತುತ್ತಾರೆ. ಇಲ್ಲಿ ಮೆತ್ತದೆ, ಮುಚ್ಚಳವನ್ನು ಒಂದು ಕಡ್ಡಿಯ ಮೇಲೆ ತುಸು ಎತ್ತಿಡಬೇಕು. ಭಟ್ಟಿ ಇರುವ ಬೇಕರಿಯವರು ಪರಿಚಯವಿದ್ದರೆ, ಅವರು ಬ್ರೆಡ್ ತೆಗೆದ ಮೇಲೆ ಆರುತ್ತಿರುವ ಭಟ್ಟಿಯಲ್ಲಿ ನಿಮ್ಮ ಪಾತ್ರೆಯನ್ನು ಇಡಿಸಿ ನೋಡಿ. ನಾನು ಓವನ್ನಿನಲ್ಲಿ ಮಾಡಿದ ಯಾವುದೂ ಅದಕ್ಕೆ ಸಮ ಬಂದಿಲ್ಲ.

ಇವು ಯಾವುದೂ ಇಲ್ಲದಿದ್ದರೂ ಸರಿ. ಕೆಳಗಿನದನ್ನೂ ಮೇಲಿನದನ್ನೂ ಬೇರೆ ಬೇರೆ ಬೇಯಿಸಿದರಾಯಿತು. ಹಣ್ಣು, ಬೆಲ್ಲ, ಕಾರ್ನ್‌ಫ್ಲೋರ್ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ, ರಸ ಚಮಚದ ಬೆನ್ನಿಗೆ ಹತ್ತುವ ತನಕ ಕುದಿಸಿ. ಉದುರನ್ನು ಅಗಲವಾದ ಹಂಚಿನ ಮೇಲೆ ತೆಳ್ಳಗೆ ಹರಡಿ, ಸಣ್ಣ ಉರಿಯಲ್ಲಿ, ಸಜ್ಜಕಕ್ಕೆ ರವೆ ಹುರಿದಷ್ಟೇ ತಾಳ್ಮೆಯಿಂದ ಕೈಯಾಡಿಸುತ್ತ ಹುರಿಯಿರಿ. ಹಸಿ ವಾಸನೆ ಹೋಗಿ ಹೊಂಬಣ್ಣ ಬಂದಾಗ ಇಳಿಸಿದರೆ ಇನ್ನೂ ಮೆತ್ತಗೇ ಇರುತ್ತದೆ, ಗಾಬರಿ ಬೇಡ. ಸಕ್ಕರೆ ಆರಿದ ಮೇಲೆಯೇ ಗಾಜಾಗುವುದು. ತಟ್ಟೆಗೆ ಸುರಿದು ಹತ್ತು ನಿಮಿಷ ಬಿಟ್ಟರೆ ಕಟಕ್ ಅನ್ನುತ್ತದೆ. ಎರಡು ಪದರ ಒಂದಕ್ಕೊಂದು ಕಚ್ಚಿಕೊಂಡ ಆ ಸಂಧಿಯ ರುಚಿ ಇದರಲ್ಲಿ ಸಿಗದು, ನಿಜ. ಗರಿಯಲ್ಲಿ ಮಾತ್ರ ಇದೇ ಒಂದು ಕೈ ಮೇಲು.

ಓವನ್‌ನಿಂದ ತೆಗೆದ ಕೂಡಲೇ ಬಡಿಸಬೇಡಿ. ಕುದಿಯುವ ರಸ ತೆಳುವಾಗಿಯೇ ಇರುತ್ತದೆ. ತಣಿಯುತ್ತ ಪಿಷ್ಟವೂ ಪೆಕ್ಟಿನ್ನೂ ಬಿಗಿಯುತ್ತವೆ. ಹದಿನೈದು ನಿಮಿಷ, ಮುಚ್ಚದೆ. ಆಮೇಲೆ ಬಟ್ಟಲಿಗೆ ಹಾಕಿ ಮೇಲೆ ತಣ್ಣನೆಯ ಕೆನೆ. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ರಾತ್ರಿಯೆಲ್ಲ ಕೆಳಗಿನ ತೇವ ಮೇಲೇರಿ ಉದುರು ಮೆತ್ತಗಾಗುತ್ತದೆ. ಮರುದಿನ ಓವನ್ನಿನಲ್ಲಿ ಹತ್ತು ನಿಮಿಷ ಕಾಯಿಸಿದರೆ ಗರಿ ಬಹುಪಾಲು ಮರಳುತ್ತದೆ. ನಾನಂತೂ ಒಂದು ಹಿಡಿ ಹುರಿದ ಉದುರನ್ನು ಸದಾ ಬೇರೆ ಎತ್ತಿಟ್ಟಿರುತ್ತೇನೆ, ಖಡಕ್ ರೊಟ್ಟಿಯ ಮಗ್ಗುಲಿನ ಡಬ್ಬಿಯಲ್ಲಿ.

ಹೋದ ಎಳ್ಳಅಮಾವಾಸ್ಯೆಗೆ ಆಳಂದದ ಹೊಲಕ್ಕೆ ಚರಗ ಚೆಲ್ಲಲು ಹೋಗುವಾಗ ಭಜ್ಜಿ, ಸಜ್ಜಿರೊಟ್ಟಿ, ಶೇಂಗಾ ಹೋಳಿಗೆಯ ಬುತ್ತಿಯ ಜೊತೆ ಇದೂ ಬರಲಿ ಎಂದಳು ಅವ್ವ. ಕಟ್ಟಿದ್ದೂ ಅವಳೇ. ಪೇರಲ ಒಂದು ಡಬ್ಬಿಯಲ್ಲಿ, ಉದುರು ಇನ್ನೊಂದರಲ್ಲಿ. ಬಿಳಿಜೋಳದ ನಡುವೆ ಕಂಬಳಿ ಹಾಸಿ ಊಟಕ್ಕೆ ಕೂತಾಗ ಪೇರಲದ ಡಬ್ಬಿಯನ್ನು ಮೂರು ಕಲ್ಲಿನ ಒಲೆಯ ಮೇಲಿಟ್ಟು ಬಿಸಿ ಮಾಡಿ, ಎಲ್ಲರ ತಾಟಿಗೂ ಬಡಿಸಿದ ಮೇಲೆಯೇ ಉದುರಿನ ಡಬ್ಬಿಯ ಮುಚ್ಚಳ ತೆಗೆದಳು. ಕಾಕು ಕೈ ಚಾಚಿ, "ಮೊದಲs ಕೂಡಿಸಿ ತರಬೇಕಿಲ್ಲೇನ ವೈನಿ?" ಅಂದರೆ, "ನೀರ್ ಕುಡಿತದವ್ವಾ ಅದು, ತಿನ್ನೂ ಹೊತ್ತಿಗೇ ಹಾಕ್ಬೇಕು" ಎಂದು ಹಿಡಿ ತುಂಬ ಉದುರಿಸಿದಳು.